ಕುಸುಬಿ ಎಣ್ಣೆ ಕುಡಿದ ಸ್ಟೀಲ್ ಗಿಟಾರು

ವಸ್ತುಗಳು ಅಲಕ್ಷ್ಯದಿಂದ ಕೆಡುತ್ತವೆ ಎಂದು ಬಹಳ ಜನ ನಂಬಿದ್ದಾರೆ. ನನ್ನ ಅನುಭವ ಬೇರೆ. ಅಲಕ್ಷ್ಯ ಮಾಡಿದ ವಸ್ತು ತನ್ನ ಪಾಡಿಗೆ ತಾನು ಮೂಲೆಯಲ್ಲಿ ಧೂಳು ತಿನ್ನುತ್ತ ಹೇಗೋ ಬದುಕಿಕೊಂಡಿರುತ್ತದೆ. ಜೋಪಾನ ಮಾಡಲು ಹೋದರೇ ಅದಕ್ಕೆ ಕೇಡುಗಾಲ. ನಮ್ಮ ಮನೆಯ ಗೋಡೆ ಗಡಿಯಾರ ಹೀಗೇ ಹೋಯಿತು. ದಿನಾ ಒರೆಸಿ ಒರೆಸಿ ಕೊನೆಗೆ ಅದರ ಮುಳ್ಳನ್ನೇ ಒರೆಸಿ ತೆಗೆದೆ. ಆದರೆ ನಾನು ಗಡಿಯಾರದ ಕತೆ ಹೇಳಲು ಕೂತಿಲ್ಲ. ನನ್ನ ಗಂಡ ತೀರಿಕೊಂಡು ಹನ್ನೊಂದು ತಿಂಗಳಾಯಿತು. ಅವರು ಕೈಯಾರೆ ಮಾಡಿಟ್ಟು ಹೋದ ಒಂದೇ ಒಂದು ವಾದ್ಯವನ್ನು ನಾನು ವಾರ ತಪ್ಪದೆ, ಶ್ರದ್ಧೆಯಿಂದ, ಗಾಣದ ಶುದ್ಧ ಕುಸುಬಿ ಎಣ್ಣೆ ಹಾಕಿ ಹಾಳು ಮಾಡಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಹಗುರ.

ವಾದ್ಯದ ಹೆಸರು ಪೆಡಲ್ ಸ್ಟೀಲ್ ಗಿಟಾರ್. ಗಿಟಾರ್ ಎಂದ ಕೂಡಲೇ ಕೊರಳಿಗೆ ಹಾಕಿಕೊಂಡು ಕುಣಿಯುವವರನ್ನು ನೆನೆಸಿಕೊಳ್ಳಬೇಡಿ. ಇದನ್ನು ಕೊರಳಿಗೆ ಹಾಕಿಕೊಂಡರೆ ಕೊರಳು ಉಳಿಯುವುದಿಲ್ಲ. ನಾಲ್ಕು ಕಾಲಿನ ಮೇಲೆ ಅಡ್ಡಲಾಗಿ ಕೂತ ಒಂದು ಉದ್ದ ಹಲಗೆ. ಅದರ ಮೇಲೆ ಹತ್ತು ತಂತಿ. ಕೆಳಗೆ ಹೊಟ್ಟೆ ತುಂಬ ಸರಳು, ಸನ್ನೆಗೋಲು, ಸ್ಪ್ರಿಂಗು. ಅದಕ್ಕೂ ಕೆಳಗೆ, ನೆಲದ ಹತ್ತಿರ, ಮೂರು ಪೆಡಲು. ನುಡಿಸುವವರು ಮುಂದೆ ಸ್ಟೂಲು ಹಾಕಿಕೊಂಡು ಕೂಡಬೇಕು. ಬಲಗೈ ಬೆರಳಿಗೆ ಲೋಹದ ಉಗುರು ತೊಟ್ಟು ಮೀಟಬೇಕು, ಎಡಗೈಯಲ್ಲಿ ಉಕ್ಕಿನ ಗುಂಡು ತುಂಡೊಂದನ್ನು ತಂತಿಯ ಮೇಲೆ ಜಾರಿಸಬೇಕು, ಎಡಗಾಲಿನಿಂದ ಪೆಡಲು ಒತ್ತಬೇಕು, ಬಲಗಾಲಿನಿಂದ ದನಿ ಹೆಚ್ಚು ಕಡಿಮೆ ಮಾಡಬೇಕು. ಇಷ್ಟರ ನಡುವೆ ಮೊಣಕಾಲು ಬಿಟ್ಟಿ ಕೂಡಬಾರದೆಂದು ಅದಕ್ಕೂ ಎರಡು ಸನ್ನೆಗೋಲು. ಮನೆಯಲ್ಲಿ ಒಂದು ತಂಬಿಗೆ ನೀರನ್ನೂ ತಾವಾಗಿ ತೆಗೆದುಕೊಂಡು ಕುಡಿಯದ ಮನುಷ್ಯ, ಕೈಕಾಲು ಮೊಣಕಾಲುಗಳನ್ನೆಲ್ಲ ಒಟ್ಟಿಗೆ ದುಡಿಸುವುದನ್ನು ನೋಡಿ ನನಗೆ ಮೊದಮೊದಲು ಸಿಟ್ಟೇ ಬರುತ್ತಿತ್ತು.

ನಮ್ಮ ಬೆಟಗೇರಿ ನೇಕಾರರ ಊರು. ಹಲಗೆ, ಎಳೆ, ಪೆಡಲು ಮೂರೂ ಒಂದೇ ಕಡೆ ಕಂಡರೆ ಇಲ್ಲಿಯ ಜನ ಅದನ್ನು ಮಗ್ಗ ಅನ್ನುತ್ತಾರೆ. ಪಕ್ಕದ ಮನೆಯ ಗಂಗವ್ವ ಮೊದಲ ಸಲ ನೋಡಿದಾಗ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

“ಯಣ್ಣಾ, ಇದರಾಗ ದಿನಕ್ಕ ಎಷ್ಟ ಸೀರಿ ಇಳೀತಾವ?”

“ಸೀರಿ ಇಳಿಯೂದಿಲ್ಲ ಗಂಗವ್ವ, ರಾಗ ಇಳೀತಾವ” ಎಂದರು ನಮ್ಮವರು.

“ರಾಗ ಉಟಗೊಳ್ಳಾಕ ಬರತೈತೇನು?” ಎಂದು ಕೇಳಿ ಅವಳು ಹೋದಳು.

ಗಂಗವ್ವ ಪೂರ್ತಿ ತಪ್ಪಿರಲಿಲ್ಲ. ನಮ್ಮವರು, ಶಂಕ್ರಪ್ಪ, ಮೂವತ್ತು ವರ್ಷ ವಿದ್ಯುತ್ ಮಗ್ಗಗಳನ್ನು ರಿಪೇರಿ ಮಾಡಿದವರು. ಸಂಜೆ ಹೊತ್ತು ಸಾಮಾನ್ಯ ಗಿಟಾರೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಉಕ್ಕಿನ ತುಂಡು ಜಾರಿಸಿ ನುಡಿಸುತ್ತಿದ್ದರು. ಶಿರಹಟ್ಟಿ, ಮುಂಡರಗಿ ಕಡೆಯ ಮದುವೆಗಳಲ್ಲಿ ಆರ್ಕೆಸ್ಟ್ರಾದವರು ಕರೆಯುತ್ತಿದ್ದರು. ಒಂದು ದಿನ ಮೊಬೈಲಿನಲ್ಲಿ ಯಾರೋ ಪರದೇಶದವನು ಈ ವಾದ್ಯ ನುಡಿಸುವುದನ್ನು ನೋಡಿದರು. ಹತ್ತು ತಂತಿಯಲ್ಲಿ ಎರಡರ ಸ್ವರ ಮಾತ್ರ ತಾನಾಗಿಯೇ ಮೇಲೇರುತ್ತಿತ್ತು, ಉಳಿದವು ಇದ್ದಲ್ಲೇ ಇದ್ದವು. ಅವರು ಮೊಬೈಲನ್ನು ಕೆಳಗಿನಿಂದ ಇಣುಕಿ ನೋಡಿದರು, ಹಾಗೆ ನೋಡಿದರೆ ಅವನ ಕಾಲು ಕಾಣುತ್ತದೆ ಎಂಬಂತೆ. ಆಮೇಲೆ ನಿಜವಾಗಿಯೂ ಕಾಲು ಕಂಡಿತು. “ಇಲ್ಲಿ ನೋಡ ಇಲ್ಲಿ! ಇಂವ ಕಾಲಿಲೆ ಎಳಿ ಎತ್ತಾಕತ್ತಾನ! ನಮ್ಮ ನೇಕಾರಂದು ಕದ್ದಾರ ಇವರು!” ಎಂದು ಕೂಗಿದರು. ಬೆಟಗೇರಿಯ ಸೊತ್ತನ್ನು ಮರಳಿ ತರುವ ಹೊಣೆ ತಮ್ಮದೇ ಎಂದು ಅವತ್ತೇ ತೀರ್ಮಾನ ಮಾಡಿದರು.

ಅದನ್ನು ಮನೆಯಲ್ಲೇ ಮಾಡಿ ಮುಗಿಸಲು ಎರಡು ವರ್ಷ ಹಿಡಿಯಿತು. ನಾನು ಹತ್ತನೆಯ ಇಯತ್ತೆ ತನಕ ಓದಿ, ಗದಗದ ಒಂದು ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಕೆಲಸಕ್ಕೆ ಹೋಗುತ್ತಿದ್ದವಳು. ಒಂದು ಸಂಜೆ ಮನೆಗೆ ಬಂದರೆ ಅಸುಂಡಿಯ ತವರಿನಿಂದ ಬಂದ ನನ್ನ ಸಾಗವಾನಿ ಮಂಚಕ್ಕೆ ತಲೆಹಲಗೆಯೇ ಇಲ್ಲ. ಕೇಳಿದೆ. “ತೆಲಿ ಇಟ್ಟು ಮಲಗಾಕ ದಿಂಬು ಐತಲ್ಲ, ಹಲಗಿ ಯಾಕ?” ಎಂದರು. ಮೇಜಿನ ಪಂಖ ಒಂದಿತ್ತು, ಅದರ ಹೊಟ್ಟೆಯ ತಾಮ್ರದ ತಂತಿ ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ಸುತ್ತಿಕೊಂಡು ದನಿ ಹಿಡಿಯುವ ಸುರುಳಿಯಾಯಿತು. ಆ ಬೇಸಿಗೆ ನಾವು ಬೀಸಣಿಗೆಯಲ್ಲಿ ಕಳೆದೆವು. ನಳದ ಪೈಪು ಕಾಲುಗಳಾದವು. ಮೂರು ಸ್ಕೂಟರುಗಳ ಬ್ರೇಕು ಮೂರು ಪೆಡಲಾದವು. ಒಂದಕ್ಕೊಂದು ಹೋಲುತ್ತಿರಲಿಲ್ಲ, ಒಂದೇ ಮನೆಯ ಮೂವರು ಸೊಸೆಯರ ಹಾಗೆ. ಒಳಗಿನ ಸರಳುಗಳಿಗೆ ಲಕ್ಷ್ಮೇಶ್ವರದ ಮಾಬೂಸಾಬರು ಸೈಕಲ್ ಕಡ್ಡಿ ಕೊಟ್ಟರು. ಮಾಬೂಸಾಬರದು ಸೈಕಲ್ ಅಂಗಡಿ, ನಮ್ಮವರ ಜೀವದ ಗೆಳೆಯರು. ಕಡ್ಡಿಯ ತುದಿಗಿರುವ ಸಣ್ಣ ತಿರುಪನ್ನು ತಿರುಗಿಸಿದರೆ ಪೆಡಲು ತಂತಿಯನ್ನು ಎಷ್ಟು ಎಳೆಯಬೇಕೋ ಅಷ್ಟಕ್ಕೇ ನಿಲ್ಲಿಸಬಹುದು ಎಂದು ಕಂಡುಹಿಡಿದವರೂ ಅವರೇ.

ಎಲ್ಲಕ್ಕಿಂತ ಕಷ್ಟದ್ದು ಬಲತುದಿಯ ಬೆರಳುಗಳು. ಹತ್ತು ತಂತಿಗೆ ಹತ್ತು ಅಲ್ಯೂಮಿನಿಯಂ ಬೆರಳು, ಎಲ್ಲವೂ ಒಂದೇ ಅಚ್ಚುಗೋಲಿನ ಮೇಲೆ. ಪೆಡಲು ಒತ್ತಿದರೆ ಸರಳು ಬೆರಳನ್ನು ಎಳೆಯುತ್ತದೆ, ಬೆರಳು ಬಾಗಿ ತಂತಿಯನ್ನು ಬಿಗಿಯುತ್ತದೆ, ಸ್ವರ ಏರುತ್ತದೆ. ಕಾಲು ತೆಗೆದರೆ ಸ್ಪ್ರಿಂಗು ಅದನ್ನು ಹಿಂದಕ್ಕೆ ಕರೆದುಕೊಳ್ಳುತ್ತದೆ. “ಏರೂದು ದೊಡ್ಡ ಮಾತಲ್ಲ, ಇದ್ದಲ್ಲೇ ತಿರುಗಿ ಬಂದು ಕುಂಡ್ರಬೇಕು, ಅದು ದೊಡ್ಡ ಮಾತು” ಎನ್ನುತ್ತಿದ್ದರು. ಮೊದಲ ವರ್ಷವೆಲ್ಲ ಅವರ ಸ್ವರಗಳು ಏರಿದವು, ಆದರೆ ಮರಳುವಾಗ ಕುಡಿದು ಬಂದವರ ಹಾಗೆ ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದವು. ಬೆರಳು ತೆಗೆದು ಕಾನಸಿನಿಂದ ಉಜ್ಜುವುದು, ಹಾಕುವುದು, ಮತ್ತೆ ತೆಗೆಯುವುದು. ನಮ್ಮ ಮನೆಯ ರೊಟ್ಟಿಯಲ್ಲೂ ಅಲ್ಯೂಮಿನಿಯಂ ಪುಡಿ ಸಿಗುತ್ತಿತ್ತು.

ಕೊನೆಗೆ ಆಯಿತು. ಆದ ಮೇಲೆ ಅದರ ಸೇವೆ ಶುರು. ಭಾನುವಾರ ಬೆಳಿಗ್ಗೆ ತಂತಿ ಒರೆಸಬೇಕು, ಬೆವರು ಉಳಿದರೆ ತುಕ್ಕು. ಇಂಜೆಕ್ಷನ್ನಿನ ಸಿರಿಂಜಿಗೆ ಹೊಲಿಗೆ ಮಶೀನಿನ ಎಣ್ಣೆ ತುಂಬಿ ಒಂದೊಂದು ಬೆರಳಿನ ಬುಡಕ್ಕೆ ಒಂದೊಂದೇ ಹನಿ. “ಎರಡನೇ ಹನಿ ಧೂಳಿಗೆ ಊಟ” ಎನ್ನುತ್ತಿದ್ದರು. ಆಮೇಲೆ ಪ್ರತಿ ಪೆಡಲು ಹತ್ತು ಸಲ ಒತ್ತಿ ಬಿಡಬೇಕು. ಆಮೇಲೆ ಶ್ರುತಿ.

ಅವರು ಹೋದದ್ದೂ ಭಾನುವಾರವೇ. ಬೆಳಿಗ್ಗೆ ತಂತಿ ಒರೆಸಿದರು, ಎಣ್ಣೆ ಹಾಕಿದರು, ಶ್ರುತಿ ಮಾಡಿದರು, ಊಟ ಮಾಡಿ ಅಡ್ಡಾದರು. ಚಹಾ ಮಾಡಿ ಎಬ್ಬಿಸಲು ಹೋದೆ.

ದಿನಕರ್ಮಗಳು ಮುಗಿದು ಮನೆ ಖಾಲಿಯಾದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಬಂದ ನೆಂಟರು ಅವರ ಅಂಗಿಗಳನ್ನು ಒಗೆದಿದ್ದರು, ಹಾಸಿಗೆಯನ್ನು ಕೊಡವಿದ್ದರು. ಅವರ ಕೈ ಕೊನೆಗೆ ಇಟ್ಟ ಹಾಗೇ ಉಳಿದದ್ದು ಆ ಹತ್ತು ತಂತಿ ಮಾತ್ರ. ಅವರು ಬಿಗಿದಷ್ಟೇ ಬಿಗಿಯಾಗಿ ನಿಂತಿವೆ. ಯಾರೂ ಮುಟ್ಟಕೂಡದು ಎಂದೆ. ನನ್ನದೊಂದು ಇಳಕಲ್ ಸೀರೆ ಹೊದಿಸಿದೆ. ನಾನೂ ಮೀಟಲಿಲ್ಲ. ಆದರೆ ಯಂತ್ರ ಆಡುತ್ತಿರಬೇಕು ಎಂದು ಅವರೇ ಹೇಳುತ್ತಿದ್ದರಲ್ಲ, ಅದಕ್ಕೆ ಭಾನುವಾರ ಎಣ್ಣೆ ಹಾಕಿ ಪೆಡಲನ್ನು ಹತ್ತು ಹತ್ತು ಸಲ ಒತ್ತಿ ಬಿಡುತ್ತಿದ್ದೆ. ದನಿಯಿಲ್ಲದ ನುಡಿಸಾಣಿಕೆ.

ಸಂಕ್ರಾಂತಿ ಹೊತ್ತಿಗೆ ಮಶೀನ್ ಎಣ್ಣೆಯ ಬಾಟಲಿ ಮುಗಿಯಿತು. ಅದೇ ಹೊತ್ತಿಗೆ ನನ್ನ ತಂಗಿ ಮುಂಡರಗಿಯಿಂದ ಡಬ್ಬಿ ತುಂಬ ಕುಸುಬಿ ಎಣ್ಣೆ ಕಳಿಸಿದಳು, ಕಣ್ಣೆದುರಿಗೆ ಗಾಣದಲ್ಲಿ ತೆಗೆಸಿದ್ದು. ಅಂಗಡಿಯ ಎರಡು ಬೆರಳುದ್ದದ ಬಾಟಲಿಯಲ್ಲಿ ಯಾವ ದೇಶದ ಎಣ್ಣೆಯೋ ಏನೋ. ಇದು ಮನೆಯದು. ನಾವೂ ತಿನ್ನುವುದು, ಅವರೂ ಅರವತ್ತು ವರ್ಷ ತಿಂದದ್ದು. ಒಂದು ಹನಿ ಎಂದು ಜಿಪುಣತನ ಮಾಡಲು ಮನಸ್ಸೂ ಬರಲಿಲ್ಲ. ಮದುಮಗನಿಗೆ ಎಣ್ಣೆ ಹಚ್ಚಿದ ಹಾಗೆ ಧಾರಾಳವಾಗಿ ಹಚ್ಚಿದೆ. ಇನ್ನೊಂದು ಮಾತನ್ನು ನಾಚಿಕೆ ಬಿಟ್ಟು ಹೇಳಬೇಕು. ಅದೇ ಎಣ್ಣೆ ಡಬ್ಬಿಯ ಬಾಯಿಗೆ ಹತ್ತಿ ಒಣಗಿ ಸರೇಸಿನ ಹಾಗೆ ಅಂಟುತ್ತದೆ, ಅದನ್ನು ನಾನು ತಿಂಗಳಿಗೊಮ್ಮೆ ಹುಣಸೆಹಣ್ಣು ಬೂದಿ ಹಚ್ಚಿ ಮುಷ್ಟಿ ನೋಯುವಂತೆ ತಿಕ್ಕುತ್ತೇನೆ. ಮದುವೆಯಾದ ಲಾಗಾಯ್ತು ತಿಕ್ಕುತ್ತ ಬಂದಿದ್ದೇನೆ. ಅಡುಗೆಮನೆಯಲ್ಲಿ ಅಂಟುವ ಎಣ್ಣೆ ಪಡಸಾಲೆಯಲ್ಲೂ ಅಂಟುತ್ತದೆ ಎಂಬುದು ಮಾತ್ರ ಹೊಳೆಯಲಿಲ್ಲ.

ಬೇಸಿಗೆ ಕಳೆಯಿತು, ಮಳೆ ಬಂದು ಹೋಯಿತು. ಕಳೆದ ತಿಂಗಳು ಒಂದು ಭಾನುವಾರ ಮೊದಲನೆಯ ಪೆಡಲು ಒತ್ತಿದೆ. ಹೋಯಿತು, ಬರಲಿಲ್ಲ. ಕೈಯಿಂದ ಮೇಲೆತ್ತಿದೆ. ಪೆಡಲು ಬಂತು, ಬೆರಳುಗಳು ಬಾಗಿದವು ಬಾಗಿಯೇ ಇದ್ದವು. ಎರಡು ತಂತಿಗಳು ಹರಿಯುವಷ್ಟು ಬಿಗಿದು ನಿಂತಿದ್ದವು. ನಮ್ಮವರು ಇಟ್ಟು ಹೋದ ಶ್ರುತಿ ನನ್ನ ಕಾಲಿನಿಂದಲೇ ಹೋಗುವ ಹೊತ್ತು ಬಂದಿತ್ತು. ಮಾಬೂಸಾಬರಿಗೆ ಫೋನು ಮಾಡಿದೆ. ಮರುದಿನ ಹತ್ತು ಗಂಟೆಯ ಬಸ್ಸಿಗೆ ಚೀಲ ಹಿಡಿದುಕೊಂಡು ಬಂದರು.

ಸೀರೆ ತೆಗೆದು, ಮೊಣಕಾಲೂರಿ, ಬೆರಳುಗಳ ಹತ್ತಿರ ಮೂಗು ಒಯ್ದರು. ಇನ್ನೊಮ್ಮೆ ಮೂಸಿದರು.

“ವೈನಿ, ಖರೆ ಹೇಳ್ರಿ. ಇದಕ್ಕ ಒಗ್ಗರಣಿ ಹಾಕೀರೇನು?”

“ಎಣ್ಣಿ ಬಿಟ್ಟೀನ್ರಿ, ವಾರಾ ವಾರಾ.”

“ಯಾವ ಎಣ್ಣಿ?”

“ಕುಸುಬಿ ಎಣ್ಣಿ. ಗಾಣದ್ದು. ಬೇಷ್ ಐತಿ.”

ಅವರು ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಬೇಷ್ ಐತಿ ಅಂತನ ಇಷ್ಟ ಗಟ್ಟಿ ಹಿಡದೈತಿ. ಪಾಕೀಟ ಎಣ್ಣಿ ಆಗಿದ್ರ ಇಷ್ಟ ನಿಯತ್ತಿಲೆ ಹಿಡೀತಿದ್ದಿಲ್ಲ. ಇನ್ನೊಂದೀಟು ಉಪ್ಪು ಖಾರ ಹಾಕಿದ್ರ ಎಣಗಾಯಿನ ಆಕ್ಕಿತ್ತು.”

ನನಗೆ ನಗಲೂ ಆಗಲಿಲ್ಲ. “ರಿಪೇರಿ ಆಕ್ಕೈತೋ ಇಲ್ಲೋ ಅಷ್ಟ ಹೇಳ್ರಿ” ಎಂದೆ.

“ಆಗದೇನ್ರಿ. ತಂತಿ ಎಲ್ಲಾ ಬಿಚ್ಚಬೇಕು. ಹತ್ತೂ ಬೆರಳು ಹೊರಗ ತಗದು ಚಿಮಣಿ ಎಣ್ಣ್ಯಾಗ ನೆನಿ ಹಾಕಬೇಕು.”

“ತಂತಿ ಬಿಚ್ಚಾಂಗಿಲ್ಲ.”

“ಬಿಚ್ಚದ ಹೆಂಗ್ರಿ ವೈನಿ?”

“ಹೆಂಗರ ಮಾಡ್ರಿ. ಅದು ಅವರು ಹಚ್ಚಿದ ಶ್ರುತಿ. ಬಿಚ್ಚಿದ್ರ ಹೋತು. ತಿರುಗಿ ಹಚ್ಚಾಕ ಅವರೇನು ಬರ್ತಾರೇನು?”

ಮಾಬೂಸಾಬರು ಮತ್ತೆ ಮೊಣಕಾಲೂರಿದರು. ತಂತಿ ಬಿಚ್ಚದೆ ಸಂದಿಯಲ್ಲೇ ಸಿರಿಂಜಿನಿಂದ ಮಶೀನ್ ಎಣ್ಣೆ ಬಿಟ್ಟು ಮಧ್ಯಾಹ್ನದ ತನಕ ಗುದ್ದಾಡಿದರು. ಕುಸುಬಿ ಜಗ್ಗಲಿಲ್ಲ. ಊಟ ಮಾಡಿ ಕೈ ತೊಳೆದು ಬಂದು ನನ್ನ ಮುಂದೆ ಕೂತರು.

“ವೈನಿ, ಒಂದ ಮಾತು. ಒಂದ ಸಲ ಮೀಟಿ ನೋಡೂಣು. ಮೊದಲ ಈ ಎರಡು ತಂತಿ ಬಿಡ್ರಿ, ಅವು ಸಿಕ್ಕೊಂಡಾವ. ಉಳದ ಎಂಟರಾಗ ಅವನ ಶ್ರುತಿ ಇದ್ರ ನಾ ಕೈ ಹಚ್ಚಾಂಗಿಲ್ಲ. ಹಂಗ ಎದ್ದು ಬಸ್ ಹತ್ತತೀನಿ.”

ನ್ಯಾಯವಾದ ಮಾತು. ಹೂಂ ಎಂದೆ. ಅವರು ಹೆಬ್ಬೆರಳಿನಿಂದ ಎಂಟು ತಂತಿಯನ್ನು ಒಂದಾದ ಮೇಲೊಂದು ಮೀಟಿದರು.

ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳೆಲ್ಲ ಒಂದೇ ಕಲ್ಲಿನ ಸಲುವಾಗಿ ಜಗಳಕ್ಕೆ ಬಿದ್ದರೆ ಹೇಗೋ ಹಾಗೆ ಕೇಳಿಸಿತು. ಹೊರಗೆ ಗಂಗವ್ವ “ಏನ ಬಿತ್ತ ಯಕ್ಕಾ?” ಎಂದು ಕೂಗಿದಳು.

“ಶಂಕ್ರಪ್ಪ ಹಿಂಗ ಹಚ್ಚಾಂವನ?” ಮಾಬೂಸಾಬರು ಮೆಲ್ಲಗೆ ಕೇಳಿದರು.

“ಇಲ್ಲ.”

“ಇದು ಅವನ ಶ್ರುತಿ ಅಲ್ರಿ ವೈನಿ. ಇದು ಬ್ಯಾಸಗಿ ಹಚ್ಚಿದ್ದು. ಮ್ಯಾಲ ಮಳಿ ಕೈ ಆಡಿಸೈತಿ.”

ಉಕ್ಕು ಬಿಸಿಲಿಗೆ ಹಿಗ್ಗುತ್ತದೆ, ಮರ ತೇವಕ್ಕೆ ಉಬ್ಬುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಬಾಗಿಲು ಮಳೆಗಾಲದಲ್ಲಿ ಮುಚ್ಚುವುದಿಲ್ಲ. ಇಷ್ಟು ದಿನ ಗದಗದ ಬಿಸಿಲು ಕೂದಲೆಳೆ ಕೂದಲೆಳೆಯಷ್ಟೇ ಆ ತಂತಿಗಳನ್ನು ಸಡಿಲಿಸುತ್ತಿತ್ತು. ನಾನು ಇಳಕಲ್ ಸೀರೆ ಹೊದಿಸಿ ಬಿಸಿಲಿನ ಕೈಗೆಲಸವನ್ನು ಕಾಯುತ್ತ ಕೂತಿದ್ದೆ.

“ನಾನ ಬಿಚ್ಚತೀನಿ” ಎಂದೆ. ಅವರು ಸರಿದು ಕೂತರು. ಒಂದೊಂದು ಕೀಲಿ ತಿರುಗಿಸಿದಂತೆ ಒಂದೊಂದು ತಂತಿ ನರಳಿ ಸುಮ್ಮನಾಯಿತು. ಕಣ್ಣಲ್ಲಿ ನೀರು ಬಂತು. ಚಿಮಣಿ ಎಣ್ಣೆಯ ವಾಸನೆ ಎಂದೆ. “ಹೌದ್ರಿ, ನನಗೂ ಬಡದೈತಿ” ಎಂದರು ಮಾಬೂಸಾಬರು. ಡಬ್ಬಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಆಮೇಲೆ ನಾಲ್ಕು ತಾಸಿನ ಕೆಲಸ ಎರಡು ತಾಸಿಗೆ ಮುಗಿಯಿತು. ಹತ್ತು ಬೆರಳುಗಳನ್ನು ಪೇಪರಿನ ಮೇಲೆ ಸಾಲಾಗಿ ಇಟ್ಟುಕೊಂಡು ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ. ತಿಕ್ಕುವುದರಲ್ಲಿ ನನಗೆ ಅನುಭವ ಇತ್ತು. ಹಲಗೆಯನ್ನು ಅಂಗಾತ ಮಾಡಿದಾಗ ಅದರ ಹೊಟ್ಟೆಯಲ್ಲಿ ಪೆನ್ಸಿಲಿನಿಂದ ಅಳತೆಗಳು, ಅವುಗಳ ನಡುವೆ ಅವರದೇ ಅಕ್ಷರ: “ರವಾ ಅರ್ಧ ಕಿಲೋ, ಸಬಕಾರ, ಇನ್ನೊಂದೇನೋ ಅಂದ್ಲು.” ಕೈಗೆ ಸಿಕ್ಕದ್ದರ ಮೇಲೆ ಬರೆದುಕೊಳ್ಳುವುದು ಅವರ ಚಾಳಿ. ಆ ಇನ್ನೊಂದು ಏನೆಂದು ಎಷ್ಟು ಯೋಚಿಸಿದರೂ ನನಗೂ ನೆನಪಾಗಲಿಲ್ಲ. ಅದನ್ನು ತರಲಿಲ್ಲವೆಂದು ಜಗಳ ಮಾಡಿರುವುದಂತೂ ಖಾತ್ರಿ.

ಬೆರಳು ಕೂಡಿಸಿ, ಮಾಬೂಸಾಬರು ತಂದಿದ್ದ ಮಶೀನ್ ಎಣ್ಣೆಯನ್ನು ಹನಿ ಲೆಕ್ಕದಲ್ಲಿ ಬಿಟ್ಟು, ತಂತಿ ಏರಿಸಿದೆವು. ಪೆಡಲು ಒತ್ತಿದರೆ ಬೆರಳು ಬಾಗಿತು, ಬಿಟ್ಟರೆ ಟಕ್ಕನೆ ಬಂದು ಕೂತಿತು. ಮೊಬೈಲಿನಲ್ಲಿ ಶ್ರುತಿ ತೋರಿಸುವ ಆಪ್ ತೆರೆದು ಪ್ರತಿ ತಂತಿಗೂ ಹಸಿರು ದೀಪ ಬರುವ ತನಕ ಅವರು ಕೀಲಿ ತಿರುಗಿಸಿದರು. ಆಮೇಲೆ ಎದ್ದು, “ಹೂಂ, ಇನ್ನ ನೀವು ಹಚ್ಚರಿ” ಎಂದರು.

“ನಾನಾ? ಹಸರ ದೀಪ ಬಂತಲ್ಲ?”

“ಹಸರ ದೀಪಕ್ಕ ನಿಂತ್ರ ಇದು ಕಿವಿಗೆ ಹುಳಿ ಹತ್ತತೈತಿ ಅಂತಿದ್ದ ಅಂವ. ಕೆಲವು ತಂತಿ ಒಂದ ಕೂದಲ ಎಳಿಯಷ್ಟು ಕೆಳಗ ಇರಬೇಕಂತ. ಅದನ್ನ ಕಿವೀಲೆ ಹಚ್ಚಬೇಕು.”

“ಅದಕ್ಕ ಅವರ ಕಿವಿ ಬೇಕು.”

ಮಾಬೂಸಾಬರು ನನ್ನನ್ನು ವಿಚಿತ್ರವಾಗಿ ನೋಡಿದರು. “ಅವನ ಕಿವಿ? ಮೂವತ್ತು ವರ್ಷ ಮಗ್ಗದ ಸಪ್ಪಳದಾಗ ಇದ್ದಾಂವರಿ ಅಂವ. ತೆಳು ತಂತಿ ದನಿ ಅವಗ ಸಾಫ್ ಕೇಳಸ್ತಾನ ಇರಲಿಲ್ಲ. ನಿಮಗ ಗೊತ್ತಿಲ್ಲೇನು? ಹಚ್ಚೂ ಮುಂದ ಅಡಗಿಮನಿ ಕಡೆ ಮಾರಿ ಮಾಡಿ ‘ಆತೇನ?’ ಅಂತ ಕೇಳ್ತಿದ್ದಿಲ್ಲೇನು?”

ಕೇಳುತ್ತಿದ್ದರು. ಪ್ರತಿ ಭಾನುವಾರ ಕೇಳುತ್ತಿದ್ದರು. ಹೊಸ ಅಂಗಿ ಹಾಕಿಕೊಂಡವರು “ಹೆಂಗೈತಿ?” ಎಂದು ಕೇಳುವ ಹಾಗೆ, ನನ್ನ ಬಾಯಿಂದ ಒಂದು ಒಳ್ಳೆಯ ಮಾತು ಬೇಕಾಗಿದೆ ಎಂದುಕೊಂಡಿದ್ದೆ. “ಇನ್ನೊಂದೀಟು ಏರ್ಸರಿ”, “ಭಾಳ ಆತು, ಇಳಸ್ರಿ” ಎಂದು ಒಲೆಯ ಮುಂದಿನಿಂದಲೇ ಹೇಳುತ್ತಿದ್ದೆ.

“ನನಗ ಯಾಕ ಹೇಳಲಿಲ್ಲ?”

“ಕಿವುಡ ಅಂತ ಗೊತ್ತಾದ್ರ ಮನ್ಯಾಗ ಕಿಮ್ಮತ್ತ ಉಳಿಯೂದಿಲ್ಲ ಅಂತಿದ್ದ. ‘ಅಕಿ ಆತು ಅಂದ್ರ ಆತು, ಮಾಬ್ಯಾ. ನಾ ಅಕಿ ಕಿವಿ ಮ್ಯಾಲ ನುಡಸ್ತೀನಿ’ ಅಂತಿದ್ದ.”

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಷ್ಟು ದಿನ ಅವರದೆಂದು ಕಾದ ಶ್ರುತಿ ನನ್ನದೇ ಬಾಯಿಮಾತು. ಅದರಲ್ಲೂ ಎಂಥ ಬಾಯಿಮಾತು! ನಿಜ ಹೇಳುತ್ತೇನೆ, ಎಷ್ಟೋ ಸಲ ಶ್ರುತಿ ಇನ್ನೂ ಕೂಡಿರುತ್ತಿರಲಿಲ್ಲ. ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು, ಈ ಮನುಷ್ಯನ ಟುಂಯ್ ಟುಂಯ್ ಮುಗಿದರೆ ಸಾಕೆಂದು “ಆತು, ಆತು ಬಿಡ್ರಿ” ಎಂದುಬಿಡುತ್ತಿದ್ದೆ. ಅವರು ನಂಬಿ, ವಾದ್ಯವನ್ನು ಟೆಂಪೋಕ್ಕೆ ಏರಿಸಿ, ಶಿರಹಟ್ಟಿಯಲ್ಲಿ ನೂರಾರು ಜನರ ಮುಂದೆ ಒಂದು ರೊಟ್ಟಿಯಷ್ಟು ಕಡಿಮೆ ಶ್ರುತಿಯಲ್ಲಿ ನುಡಿಸಿ ಬರುತ್ತಿದ್ದರು.

ಆ ಸಂಜೆ ನಾನೇ ಶ್ರುತಿ ಹಚ್ಚಿದೆ. ಮಾಬೂಸಾಬರು ಒಳಗೆ ಹೋಗಿ ಚಹಾಕ್ಕಿಟ್ಟು ಅಲ್ಲಿಂದಲೇ “ಆತೇನ್ರಿ ವೈನಿ?” ಎಂದರು. ಇನ್ನೂ ಇಲ್ಲ ಎಂದೆ. ಐದು ಗಂಟೆಯ ಬಸ್ಸು ಹೋಯಿತು. “ಆತೇನ್ರಿ?” ಇನ್ನೂ ಇಲ್ಲ. ಆರರ ಬಸ್ಸಿಗೆ ಅವರು ಕೇಳದೆಯೇ ಹೊರಟುಹೋದರು. ನಾನು ಎದ್ದದ್ದು ಕತ್ತಲಾದ ಮೇಲೆ.

ಅಲ್ಲಿಂದ ಮೂರು ವಾರ ಇದೇ ಆಯಿತು. ಇಷ್ಟು ವರ್ಷ ಅವಸರದಲ್ಲಿ ಹೇಳಿದ್ದನ್ನು ಈಗ ಸಾವಕಾಶವಾಗಿ ತಿದ್ದಬೇಕು ಎಂದು ಹಠ. ಮೂರನೆಯ ತಂತಿ ಎಲ್ಲಕ್ಕಿಂತ ತೆಳು, ಎಲ್ಲಕ್ಕಿಂತ ಎತ್ತರದ ದನಿ. ಅದು ಇನ್ನೊಂದು ಎಳೆ ಏರಬೇಕು ಅನಿಸುತ್ತಿತ್ತು. ಏರಿಸಿದೆ. ಇನ್ನೊಂದು ಎಳೆ. ಮೊನ್ನೆ ಏರಿಸುತ್ತಿದ್ದ ಹಾಗೆಯೇ ಫಟ್ ಎಂದು ಕಡಿದು ನನ್ನ ಬಳೆಗೆ ಬಡಿಯಿತು. ಮಾಬೂಸಾಬರಿಗೆ ಫೋನು ಮಾಡಿದರೆ ಅವರು ಬಹಳ ಹೊತ್ತು ನಕ್ಕರು. “ಅವನ ಕೈಯಾಗ ಆ ತಂತಿ ವರ್ಷಗಟ್ಲೆ ಬಾಳ್ತಿತ್ತಲ್ರಿ ವೈನಿ. ಗಿಟಾರದವರೆಲ್ಲ ಅದು ತಿಂಗಳಿಗೊಮ್ಮೆ ಕಡೀತೈತಿ ಅಂತ ಅಳ್ತಾರ. ಇವಂದ್ಯಾಕ ಕಡಿಯೂದಿಲ್ಲ ಅಂತ ನನಗೂ ತಿಳೀತಿದ್ದಿಲ್ಲ. ಈಗ ತಿಳೀತು ಬಿಡ್ರಿ, ವ್ಯಾಳ್ಯಾಕ್ಕ ಸರಿಯಾಗಿ ಆತು ಅನ್ನಾವರು ಮನ್ಯಾಗ ಇದ್ರು.”

ನಿನ್ನೆ ಹುಬ್ಬಳ್ಳಿಯಿಂದ ಹೊಸ ತಂತಿ ಬಂತು. ಹಾಕಿದ್ದೇನೆ. ಈಗ ನಾನು ಕೀಲಿ ತಿರುಗಿಸಲು ಕೂಡುವ ಮೊದಲು ಒಲೆಯ ಮೇಲೆ ಹಾಲಿಟ್ಟು ಬರುತ್ತೇನೆ, ಅದು ಉಕ್ಕುವುದರೊಳಗೆ “ಆತು” ಅನ್ನಲೇಬೇಕು.